ಮಧ್ಯಸ್ಥಗಾರರ ಐತೀರ್ಪನ್ನು ಹೈಕೋರ್ಟ್ ಎಷ್ಟರ ಮಟ್ಟಿಗೆ ಪರಿಶೀಲಿಸುತ್ತದೆ?

ಮಂಜೇಶ್ವರ ಕಡೆಯ ಸರ್ಕಾರಿ ನಿಗಮವೊಂದರ ದಿನಗೂಲಿ ನೌಕರರನ್ನು ಖಾಯಂ ಮಾಡುವ ವಿವಾದವನ್ನು ಯೂನಿಯನ್ ಮತ್ತು ಆಡಳಿತವರ್ಗ 2023ರಲ್ಲಿ ಮಧ್ಯಸ್ಥಗಾರರಿಗೆ ಒಪ್ಪಿಸಿದ್ದವು, ಮರುವರ್ಷ ಐತೀರ್ಪು, ಅಂದರೆ ಮಧ್ಯಸ್ಥಗಾರರ ತೀರ್ಮಾನ, ನೌಕರರ ಪರವಾಗಿ ಬಂತು, ಈಗ ನಿಗಮ ಕೇರಳ ಹೈಕೋರ್ಟಿಗೆ ರಿಟ್ ಅರ್ಜಿ (ಸಂವಿಧಾನದಡಿ ಹೈಕೋರ್ಟಿಗಿರುವ ವಿಶೇಷಾಧಿಕಾರವನ್ನು ಕೋರುವ ಅರ್ಜಿ) ಹಾಕಿದೆ. ಎಲ್ಲವೂ ಮೊದಲಿನಿಂದ ವಿಚಾರಣೆಯಾಗುತ್ತದೆಯೇ ಎಂದು ಕೇಳಿದ್ದೀರಿ. ಆಗುವುದಿಲ್ಲ. ಕಾಸರಗೋಡಿನಲ್ಲಿ ಯೂನಿಯನ್ನಿನ ಕಾಗದಪತ್ರ ನೋಡಿಕೊಳ್ಳುವವನಾಗಿ ಉತ್ತರಿಸುತ್ತಿದ್ದೇನೆ.

2025ರ ನವೆಂಬರ್ 21ರಿಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಜಾರಿಯಲ್ಲಿದ್ದರೂ ನಿಮ್ಮ ಒಪ್ಪಂದವೂ ಐತೀರ್ಪೂ ಅದಕ್ಕೆ ಮೊದಲಿನವಾದ್ದರಿಂದ ಎರಡೂ ಪಕ್ಷಗಳು ಒಪ್ಪಿ ವಿವಾದವನ್ನು ಮಧ್ಯಸ್ಥಗಾರರಿಗೆ ಒಪ್ಪಿಸುವ ಬಗೆಗಿನ, 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ 10ಎ ಕಲಮೇ ಇಲ್ಲಿ ಮುಖ್ಯ. ಈ ಕಲಮಿನ ಮಧ್ಯಸ್ಥಗಾರರ ಐತೀರ್ಪು ರಿಟ್ ಅಧಿಕಾರಕ್ಕೆ ಒಳಪಡುತ್ತದೆಂದು ಸುಪ್ರೀಂ ಕೋರ್ಟ್ 1975ರ ರೋಹ್ತಾಸ್ ಇಂಡಸ್ಟ್ರೀಸ್ ಪ್ರಕರಣದಲ್ಲಿ ಹೇಳಿತು. ತೀರ್ಪು ಬರೆದವರು ತಲಶ್ಶೇರಿಯಲ್ಲಿ ವಕೀಲರಾಗಿದ್ದ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್. ಮುಷ್ಕರದ ನಷ್ಟವನ್ನು ಕಾರ್ಮಿಕರೇ ತುಂಬಬೇಕೆಂಬ ಐತೀರ್ಪು ಅಂದು ರದ್ದಾಗಿ ಉಳಿದದ್ದು ಇದೇ ಅಧಿಕಾರದಿಂದ. ಆದ್ದರಿಂದ ಹೈಕೋರ್ಟಿನ ಪರಿಶೀಲನೆಯನ್ನೇ ಶತ್ರುವೆಂದು ಕಾಣಬೇಡಿ.

ಹೈಕೋರ್ಟ್ ಸಾಕ್ಷ್ಯವನ್ನು ಮತ್ತೆ ತೂಗಿ ನೋಡುವುದಿಲ್ಲ. ಮಧ್ಯಸ್ಥಗಾರರು ತಮಗೆ ಒಪ್ಪಿಸಿದ ವಿಷಯವನ್ನು ಮೀರಿದರೇ, ಒಂದು ಪಕ್ಷದ ಮಾತನ್ನು ಕೇಳದೆ ಬಿಟ್ಟರೇ, ಮೇಲ್ನೋಟಕ್ಕೇ ಕಾಣುವ ಕಾನೂನಿನ ತಪ್ಪು ಮಾಡಿದರೇ, ಯಾವ ಆಧಾರವೂ ಇಲ್ಲದೆ ತೀರ್ಮಾನಕ್ಕೆ ಬಂದರೇ ಎಂಬುದನ್ನಷ್ಟೇ ನೋಡುತ್ತದೆ. ನಾನು ಓದಿದ ಒಂದು ಐತೀರ್ಪಿನಲ್ಲಿ ಆಡಳಿತವರ್ಗ ಹಾಜರಿ ಪುಸ್ತಕ ಒದಗಿಸಲಿಲ್ಲ ಎಂಬುದನ್ನೂ, ಅದಕ್ಕೆ ಬದಲಾಗಿ ಯಾವ ಕೂಲಿ ಚೀಟಿಗಳನ್ನು ನಂಬಿದ್ದೇವೆ ಎಂಬುದನ್ನೂ ಬಿಡಿಸಿ ಬರೆದಿದ್ದರು. ಅಂಥ ಐತೀರ್ಪನ್ನು ಆಧಾರವಿಲ್ಲದ್ದು ಎನ್ನುವುದು ಕಷ್ಟ.

ನನಗೆ ನಿಜವಾದ ಆತಂಕವಿರುವುದು ಗೆಜೆಟ್ ವಿಷಯದಲ್ಲಿ. ಮಧ್ಯಸ್ಥಿಕೆಯ ಒಪ್ಪಂದವನ್ನು ಸರ್ಕಾರ ಗೆಜೆಟ್‌ನಲ್ಲಿ ಪ್ರಕಟಿಸಲೇಬೇಕು, ಅದೂ ಮಧ್ಯಸ್ಥಗಾರರು ವಿವಾದದಲ್ಲಿ ಯಾರದು ಸರಿ ಎಂಬ ವಿಚಾರಕ್ಕೆ ಕೈಹಾಕುವ ಮೊದಲೇ, ಎಂದು ಸುಪ್ರೀಂ ಕೋರ್ಟ್ 1989ರಲ್ಲಿ ಕರ್ನಾಲ್ ಲೆದರ್ ಪ್ರಕರಣದಲ್ಲಿ ಹೇಳಿದೆ. ಆ ಪುಟದ ಪ್ರತಿ ಕೈಯಲ್ಲಿದೆಯೇ ಎಂದು ಇಂದೇ ನೋಡಿ.

ಸರ್ಕಾರಿ ನಿಗಮವಾದ್ದರಿಂದ 2006ರ ಉಮಾದೇವಿ ತೀರ್ಪನ್ನು ಅವರ ವಕೀಲರು ಖಂಡಿತ ಮುಂದಿಡುತ್ತಾರೆ. ನೇಮಕಾತಿಯ ನಿಯಮ ಮೀರಿ ಬಂದವರಿಗೆ ಖಾಯಂ ಆಗುವ ಹಕ್ಕಿಲ್ಲ ಎಂಬುದು ಅದರ ತಿರುಳು. ಆದರೆ ವರ್ಷಗಟ್ಟಲೆ ದಿನಗೂಲಿಯಲ್ಲೇ ಇಟ್ಟುಕೊಳ್ಳುವಂಥ ಅನುಚಿತ ಕಾರ್ಮಿಕ ಪದ್ಧತಿ ಸಾಬೀತಾದಲ್ಲಿ ಕೈಗಾರಿಕಾ ನ್ಯಾಯಾಲಯದ ಪರಿಹಾರಾಧಿಕಾರವನ್ನು ಆ ತೀರ್ಪು ಕಸಿದುಕೊಂಡಿಲ್ಲ ಎಂದು ಮಹಾರಾಷ್ಟ್ರದ ಸಾರಿಗೆ ನಿಗಮದ ಪ್ರಕರಣದಲ್ಲಿ 2009ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ನಿಮ್ಮ ಐತೀರ್ಪಿನಲ್ಲಿ ಅಂಥ ಪದ್ಧತಿಯ ಬಗ್ಗೆ ಸ್ಪಷ್ಟವಾದ ನಿರ್ಣಯವಿದ್ದರೆ ಆ ಪ್ಯಾರಾವನ್ನೇ ಗಟ್ಟಿಯಾಗಿ ಹಿಡಿದುಕೊಳ್ಳಿ.

ಪ್ರಕಟವಾದ ಐತೀರ್ಪು 30 ದಿನ ಕಳೆದ ಮೇಲೆ ಜಾರಿಯೋಗ್ಯವಾಗುತ್ತದೆ. ರಿಟ್ ಹಾಕಿದ ಮಾತ್ರಕ್ಕೆ ಅದು ನಿಲ್ಲುವುದಿಲ್ಲ, ಪ್ರತ್ಯೇಕ ತಡೆಯಾಜ್ಞೆ ಬೇಕು. ನಿಗಮ ಅದನ್ನು ಕೇಳಿದಾಗ, ಅರ್ಜಿ ಇತ್ಯರ್ಥವಾಗುವವರೆಗೆ ಯಾರನ್ನೂ ಕೆಲಸದಿಂದ ತೆಗೆಯಬಾರದೆಂಬ ಷರತ್ತನ್ನಾದರೂ ಹಾಕುವಂತೆ ನಿಮ್ಮ ವಕೀಲರು ಮೊದಲ ದಿನವೇ ಒತ್ತಾಯಿಸಲಿ.