ಜಿಲ್ಲೆ ಬದಲಾದರೂ ಪಿನ್ ಬದಲಾಗಲ್ಲ

(ಉತ್ತರ: ಟಪಾಲು ವಿಂಗಡಣೆಯಲ್ಲಿ ದುಡಿದ ನಿವೃತ್ತ ಅಂಚೆ ನೌಕರರು, ಬಳ್ಳಾರಿ)

ಪ್ರಶ್ನೆ: ಕೊಪ್ಪಳ ಬೇರೆ ಜಿಲ್ಲೆಯಾಗಿ ಎಷ್ಟೋ ವರ್ಷ ಆಯ್ತು. ವಿಳಾಸದ ಪಿನ್ ಕೋಡ್ ಮಾತ್ರ ಬಳ್ಳಾರಿಯವರ ಥರ 583ರಿಂದ ಶುರು. ಹಿಂದೆ ರಾಯಚೂರು ಜಿಲ್ಲೆಯಲ್ಲಿದ್ದೆವು, ಅಲ್ಲಿನ 584 ಅಂತ ಬರೆಯಬಹುದಾ ಸರ್? ಹಳ್ಳಿ ಹೆಸರು ಸರಿ ಇದ್ದರೆ ಸಾಲದಾ?

ಬರೆಯಬೇಡಿ. ಈ ಪ್ರಶ್ನೆಗೆ ಉತ್ತರ ಕೊಟ್ಟು ಕೊಟ್ಟು ಸಾಕಾಗಿದೆ. ಪಿನ್ ಇರೋದು ಅಂಚೆ ಕಚೇರಿಗೆ, ಡಿಸಿ ಆಫೀಸಿಗಲ್ಲ. ಬಳ್ಳಾರಿ 583101, ಹೊಸಪೇಟೆ 583201, ಕೊಪ್ಪಳ 583231. ಮೂರೂ ಇವತ್ತು ಬೇರೆ ಬೇರೆ ಜಿಲ್ಲಾ ಕೇಂದ್ರಗಳು. 2021ರಲ್ಲಿ ವಿಜಯನಗರ ಜಿಲ್ಲೆ ಆದಾಗಲೂ ಹೊಸಪೇಟೆಯ ಪಿನ್ ಇದ್ದ ಹಾಗೇ ಉಳಿಯಿತು.

ಮೊದಲ ಅಂಕಿ 5 ಅಂದರೆ ಕರ್ನಾಟಕ, ಆಂಧ್ರ, ತೆಲಂಗಾಣದ ಕಡೆ. ಎರಡನೇ ಅಂಕಿ ಸೇರಿದರೆ 56ರಿಂದ 59ರವರೆಗೆ ಕರ್ನಾಟಕ. ಮೂರು ಅಂಕಿ ಸೇರಿದಾಗ ವಿಂಗಡಣೆಯ ಜಿಲ್ಲೆ ಸಿಗುತ್ತದೆ. ಇದು ಅಂಚೆಯವರ ಲೆಕ್ಕದ ಜಿಲ್ಲೆ, ಸರ್ಕಾರದ ಜಿಲ್ಲೆಯೇ ಆಗಬೇಕಿಲ್ಲ. ಕೊನೆಯ ಮೂರು ಅಂಕಿ ಬಟವಾಡೆ ಮಾಡುವ ಕಚೇರಿಯದು.

ದೂರದ ರಾಜ್ಯದಲ್ಲಿ ಕೂತು ಟಪಾಲು ವಿಂಗಡಿಸುವ ಸಾರ್ಟರ್‌ಗೆ ಕಾರಟಗಿ ಎಲ್ಲಿ, ಕುಕನೂರು ಎಲ್ಲಿ ಗೊತ್ತಿರಲ್ಲ. ಕನ್ನಡ ಓದಲೂ ಬರಲ್ಲ. ಅವರು 583 ನೋಡಿ ಆ ಗೂಡಿಗೆ ಹಾಕುತ್ತಾರೆ, ಅಷ್ಟೇ. 583 ಬದಲು 538 ಬರೆದರೆ ಎರಡನೇ ಅಂಕಿಗೇ ಟಪಾಲು ಆಂಧ್ರದ ಕಡೆ ಹೋಗುತ್ತದೆ. ಹಳ್ಳಿ ಹೆಸರು ಸಾಕು ಅನ್ನೋರು ಸ್ವಲ್ಪ ಯೋಚನೆ ಮಾಡಿ. ಹೊಸಹಳ್ಳಿ, ರಾಂಪುರ ಅನ್ನೋ ಊರು ನಮ್ಮ ರಾಜ್ಯದಲ್ಲೇ ಎಷ್ಟಿವೆ! ಒಂದೇ ಹೆಸರಿನ ಊರುಗಳು, ಹತ್ತಾರು ಭಾಷೆ, ಅರ್ಥವಾಗದ ಕೈಬರಹ. ಈ ತೊಂದರೆ ತಪ್ಪಿಸೋಕೇ 1972ರ ಆಗಸ್ಟ್ 15ಕ್ಕೆ ಪಿನ್ ಬಂದಿದ್ದು. ಅದನ್ನು ರೂಪಿಸಿದವರು ಶ್ರೀರಾಮ ಭಿಕಾಜಿ ವೇಲಣಕರ್.

ನಮ್ಮ ಕಡೆ ಜಾಸ್ತಿ ಆಗೋ ತಪ್ಪು ಇನ್ನೊಂದಿದೆ. ಹಳ್ಳಿಯವರು ಸುಮ್ನೆ ಜಿಲ್ಲಾ ಕೇಂದ್ರದ ಪಿನ್ ಹಾಕಿಬಿಡುತ್ತಾರೆ. ಆಗ ಟಪಾಲು ಮೊದಲು ಬಳ್ಳಾರಿ ಪ್ರಧಾನ ಅಂಚೆ ಕಚೇರಿಗೆ ಬರುತ್ತದೆ. ಅಲ್ಲಿಂದ ಮತ್ತೆ ಚೀಲ ಸೇರಿ ಸರಿಯಾದ ಕಚೇರಿಗೆ ಹೋಗಬೇಕು. ಹೀಗೆ ಸುತ್ತಿಬಂದ ಒಂದು ಸಂದರ್ಶನದ ಕರೆಯನ್ನು ನಾನೇ ವಿಂಗಡಿಸಿದ್ದೆ. ಸಂದರ್ಶನದ ದಿನ ಆಗಲೇ ಮುಗಿದಿತ್ತು. ಅರ್ಜಿಯಲ್ಲಿ ಹುಡುಗ ಬರೆದಿದ್ದ ಪಿನ್ ಅದೇ, 583101. ಇವತ್ತಿಗೂ ನನಗೆ ಅದು ಮರೆತಿಲ್ಲ. ಹಾಗಾಗಿ ಅರ್ಜಿ ತುಂಬೋ ಮೊದಲು ನಿಮ್ಮ ಊರಿನ ಅಂಚೆಯಣ್ಣನನ್ನೇ ಕೇಳಿ. ಅಂದಾಜಿನ ಮೇಲೆ ಬರೆಯೋದಕ್ಕೆ ನಾನಂತೂ ಒಪ್ಪಲ್ಲ.

ಪಕ್ಕದ ಹಳ್ಳಿಗೂ ನಮಗೂ ಒಂದೇ ಪಿನ್, ತಪ್ಪಲ್ವಾ?

ತಪ್ಪಲ್ಲ. ಶಾಖಾ ಅಂಚೆ ಕಚೇರಿಗಳಿಗೆ ಮೇಲಿನ ಉಪ ಅಂಚೆ ಕಚೇರಿಯ ಪಿನ್ನೇ ಇರುತ್ತದೆ.

ಪಿನ್ ಯಾರಿಗೂ ಹೇಳಬಾರದು ಅಂತಾರಲ್ಲ?

ಅದು ಎಟಿಎಂ ಪಿನ್ ಅಮ್ಮ. ಇದನ್ನು ಧಾರಾಳವಾಗಿ ಹೇಳಿ.

ನಮ್ಮ ಪಿನ್ ಅಂಕಿ ಕೂಡಿಸಿದರೆ 8 ಬರುತ್ತದೆ, ಮನೆಗೆ ಒಳ್ಳೆಯದಲ್ಲ ಅಂದರು.

ಹಾಗಂದವರಿಗೆ ದುಡ್ಡು ಕೊಡಬೇಡಿ.

ಡಿಜಿಪಿನ್ ಬಂದ ಮೇಲೆ ಹಳೇ ಪಿನ್ ಹೋಗುತ್ತಾ?

ಇಲ್ಲ. 2025ರಲ್ಲಿ ಬಂದ ಡಿಜಿಪಿನ್ ಅಂಚೆ ಇಲಾಖೆಯ ಡಿಜಿಟಲ್ ವಿಳಾಸ, ಹತ್ತು ಅಕ್ಷರ-ಅಂಕಿಯದು, ಸುಮಾರು 4 ಮೀಟರ್ ಚೌಕದ ಜಾಗ ತೋರಿಸುತ್ತದೆ. ಲಕೋಟೆ ಮೇಲೆ ಆರಂಕಿಯ ಪಿನ್ ಬರೆಯಲೇಬೇಕು.

ವಿಳಾಸ ಸರಿ ಇಲ್ಲ, ಲಿಂಕ್ ಒತ್ತಿ ಹಣ ಕಟ್ಟಿ ಅಂತ ಮೆಸೇಜ್ ಬಂದಿದೆ.

ಮೋಸ. ಒತ್ತಬೇಡಿ, ಅಳಿಸಿಹಾಕಿ. ಪಾರ್ಸೆಲ್ ಬರೋದಿದ್ದರೆ ಅಂಚೆ ಕಚೇರಿಗೇ ಹೋಗಿ ವಿಚಾರಿಸಿ.