ಕಾನೂನಿನಲ್ಲಿ ಹಕ್ಕಿದ್ದರೂ ಅಮೆರಿಕದಲ್ಲಿ ಕಪ್ಪು ವಿದ್ಯಾರ್ಥಿಗಳ ಮತವನ್ನು ಹೇಗೆ ತಡೆಯುತ್ತಾರೆ?

ಹಕ್ಕನ್ನು ಯಾರೂ ನೇರವಾಗಿ ಕಿತ್ತುಕೊಳ್ಳುವುದಿಲ್ಲ, ಸುಮ್ನೆ ಓಡಾಡಿಸಿ ಸುಸ್ತು ಮಾಡಿಸುತ್ತಾರೆ. ಟೆಕ್ಸಸ್‌ನ ಪ್ರೇರಿ ವ್ಯೂ ಎ ಅಂಡ್ ಎಂ ವಿಶ್ವವಿದ್ಯಾಲಯದ ಕಥೆ ನೋಡಿ. ಅಲ್ಲಿ ಓದುವವರಲ್ಲಿ ಕಪ್ಪು ಜನಾಂಗದವರೇ ಜಾಸ್ತಿ.

1971ರಲ್ಲಿ 18 ವರ್ಷದವರಿಗೆಲ್ಲ ಮತದಾನದ ಹಕ್ಕು ಬಂತು. ಹೆಸರು ಸೇರಿಸಲು ಹೋದ ವಿದ್ಯಾರ್ಥಿಗಳ ಕೈಗೆ ಆ ವಿಶ್ವವಿದ್ಯಾಲಯವಿರುವ ವಾಲರ್ ಕೌಂಟಿಯ (ಅಂದರೆ ಜಿಲ್ಲೆಯ) ಅಧಿಕಾರಿ ಒಂದು ಪ್ರಶ್ನಾವಳಿ ಕೊಟ್ಟರು. ಇಲ್ಲಿ ನಿಮ್ಮದು ಮನೆ, ಆಸ್ತಿ ಇದೆಯಾ? ಇಲ್ಲೇ ಕೆಲಸ ಸಿಗುವ ಭರವಸೆ ಇದೆಯಾ? ರಜೆಯಲ್ಲಿ ಎಲ್ಲಿರುತ್ತೀರಿ? ಹಾಸ್ಟೆಲ್ ಹುಡುಗರ ಹತ್ತಿರ ಆಸ್ತಿ ಎಲ್ಲಿಂದ ಬರಬೇಕು, ಅಲ್ವಾ? ಕೇಸು ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. 1979ರಲ್ಲಿ ವಿದ್ಯಾರ್ಥಿಗಳ ಪರ ತೀರ್ಪು ನಿಂತಿತು.

ಅಲ್ಲಿಗೂ ಮುಗಿಯಲಿಲ್ಲ. 2004ರಲ್ಲಿ ಜಿಲ್ಲಾ ಸರ್ಕಾರಿ ವಕೀಲರೇ ‘ನೀವು ಇಲ್ಲಿನ ಕಾಯಂ ನಿವಾಸಿಗಳಲ್ಲ’ ಅನ್ನೋ ಅದೇ ತಕರಾರು ಮತ್ತೆ ತೆಗೆದರು. ವಿದ್ಯಾರ್ಥಿಗಳು ಬೀದಿಗಿಳಿದು, ಕೋರ್ಟಿಗೂ ಹೋದ ಮೇಲೆ ಆ ವಕೀಲರು ಹಿಂದೆ ಸರಿದರು. 2008ರಲ್ಲಿ ಮುಂಗಡ ಮತದಾನದ (ಚುನಾವಣೆಯ ದಿನಕ್ಕೂ ಮೊದಲೇ ಮತ ಹಾಕುವ) ಕೇಂದ್ರ ಕ್ಯಾಂಪಸ್‌ನಿಂದ ಸುಮಾರು 11 ಕಿಲೋಮೀಟರ್ ದೂರದ ಹೆಂಪ್‌ಸ್ಟೆಡ್‌ನಲ್ಲಿತ್ತು. ವಿದ್ಯಾರ್ಥಿಗಳು ಹೆದ್ದಾರಿಯಲ್ಲಿ ಗುಂಪಾಗಿ ನಡೆದೇ ಹೋಗಿ ಮತ ಹಾಕಿದರು.

ಗುರುತಿನ ಚೀಟಿಯದ್ದು ಇನ್ನೊಂದು ತಮಾಷೆ. ಟೆಕ್ಸಸ್‌ನ 2011ರ ಕಾನೂನಿನ ಪ್ರಕಾರ ಬಂದೂಕು ಲೈಸೆನ್ಸ್ ತೋರಿಸಿ ಮತ ಹಾಕಬಹುದು. ಕಾಲೇಜಿನ ಐಡಿ ಕಾರ್ಡ್ ನಡೆಯುವುದಿಲ್ಲ.