ಚಕ್ರ ಬಿಟ್ಟು ಬ್ಲೇಡ್ ಕಟ್ಟುವ ಮುನ್ನ: ಶಾರ್ಟ್ ಟ್ರ್ಯಾಕ್ ಕುರಿತು ಓದುಗರ ಪ್ರಶ್ನೆಗಳು

ಶಾರ್ಟ್ ಟ್ರ್ಯಾಕ್ ಎಂದರೆ ಐಸ್ ಮೇಲಿನ ಚಿಕ್ಕ ಟ್ರ್ಯಾಕ್‌ನಲ್ಲಿ ಹಲವರು ಒಟ್ಟಿಗೆ ಓಡುವ ವೇಗದ ಸ್ಕೇಟಿಂಗ್. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಇನ್‌ಲೈನ್ ಸ್ಕೇಟಿಂಗ್ (ಒಂದೇ ಸಾಲಿನ ಚಕ್ರಗಳ ಸ್ಕೇಟಿಂಗ್) ಮಾಡುವ ಮಕ್ಕಳಿರುವ ಮನೆಗಳಿಂದಲೇ ಬಂದಿವೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ನನ್ನ ಮಗಳಿಗೆ 12 ವರ್ಷ. ಆರು ವರ್ಷದಿಂದ ಇನ್‌ಲೈನ್ ಸ್ಕೇಟಿಂಗ್ ಮಾಡುತ್ತಿದ್ದಾಳೆ, ರಾಜ್ಯಮಟ್ಟದಲ್ಲೂ ಓಡಿದ್ದಾಳೆ. ಟಿವಿಯಲ್ಲಿ ಚಳಿಗಾಲದ ಒಲಿಂಪಿಕ್ಸ್ ನೋಡಿದ ಮೇಲೆ ಶಾರ್ಟ್ ಟ್ರ್ಯಾಕ್ ಕಲಿಯುತ್ತೇನೆಂದು ಹಟ ಹಿಡಿದಿದ್ದಾಳೆ. ಬೆಂಗಳೂರಿನಲ್ಲಿದ್ದುಕೊಂಡು ಇದು ಆಗುವ ಮಾತೇ?
– ಒಬ್ಬ ತಾಯಿ, ವಿಜಯನಗರ

ಉತ್ತರ: ಆಗುತ್ತದೆ ಅಮ್ಮಾ, ಆದರೆ ಬೆಂಗಳೂರು ಬಿಟ್ಟು ಕದಲದೆ ಆಗುವುದಿಲ್ಲ. ತೊಡೆಯ ಬಲ, ದಮ್ಮು, ಗುಂಪಿನ ನಡುವೆ ನುಗ್ಗುವ ಧೈರ್ಯ, ಇಷ್ಟನ್ನೂ ಚಕ್ರದ ಮೇಲೆ ಇಲ್ಲೇ ಗಳಿಸಬಹುದು. ತಿರುವನ್ನು ಮಾತ್ರ ಐಸ್ ಮೇಲೇ ಕಲಿಯಬೇಕು.

ಚಕ್ರದಿಂದ ಬಂದವರು ಈ ಆಟಕ್ಕೆ ಹೊರಗಿನವರಲ್ಲ. ಅಮೆರಿಕದ ಅಪೋಲೊ ಓನೊ ಇನ್‌ಲೈನ್‌ನಿಂದಲೇ ಬಂದವರು. 14ನೇ ವಯಸ್ಸಿಗೆ ಲೇಕ್ ಪ್ಲಾಸಿಡ್‌ನ ತರಬೇತಿ ಕೇಂದ್ರ ಸೇರಿದರು. 1998ರ ಒಲಿಂಪಿಕ್ಸ್ ಆಯ್ಕೆ ಸ್ಪರ್ಧೆಯಲ್ಲಿ ಕೊನೆಯ ಸ್ಥಾನ ಪಡೆದು ಮನೆಗೆ ಮರಳಿದ ಹುಡುಗ, 2002ರಿಂದ 2010ರೊಳಗೆ ಮೂರು ಒಲಿಂಪಿಕ್ಸ್‌ಗಳಲ್ಲಿ 8 ಪದಕ ಗೆದ್ದರು. ನಮ್ಮ ದೇಶದ ಇನ್‌ಲೈನ್ ಮಟ್ಟವನ್ನೂ ಕಡೆಗಣಿಸುವಂತಿಲ್ಲ. ಹ್ಯಾಂಗ್‌ಝೌ ಏಷ್ಯನ್ ಗೇಮ್ಸ್‌ನ 3000 ಮೀಟರ್ ರಿಲೇಯಲ್ಲಿ ಮಹಿಳೆಯರೂ ಪುರುಷರೂ ಕಂಚು ತಂದರು. 2025ರಲ್ಲಿ ಚೆನ್ನೈನ ಆನಂದ್‌ಕುಮಾರ್ ವೇಲ್‌ಕುಮಾರ್ 1000 ಮೀಟರ್‌ನಲ್ಲಿ ವಿಶ್ವ ಚಾಂಪಿಯನ್ ಆದರು.

ತೊಡಕಿರುವುದು ಐಸ್ ಸಿಗುವುದರಲ್ಲಿ. ಶಾರ್ಟ್ ಟ್ರ್ಯಾಕ್‌ಗೆ 60 ಮೀಟರ್ ಉದ್ದ, 30 ಮೀಟರ್ ಅಗಲದ ರಿಂಕ್ ಬೇಕು, ಅದರೊಳಗೆ 111.12 ಮೀಟರ್ ಸುತ್ತಳತೆಯ ಟ್ರ್ಯಾಕ್ ಕೂರುತ್ತದೆ. ಮಾಲ್‌ಗಳ ಚಿಕ್ಕ ಐಸ್ ಅಂಗಳದಲ್ಲಿ ಬ್ಲೇಡ್ ಮೇಲೆ ನಿಲ್ಲುವುದು, ಒಂಟಿಕಾಲಿನಲ್ಲಿ ಜಾರುವುದು ಕಲಿಯಬಹುದು. ಅಲ್ಲಿ ವೇಗಕ್ಕೆ ಇಳಿದರೆ ಅಪಾಯ, ಏಕೆಂದರೆ ಗೋಡೆಗೆ ದಪ್ಪ ಪ್ಯಾಡ್ ಇರುವುದಿಲ್ಲ. ಡೆಹ್ರಾಡೂನ್‌ನ ಹಿಮಾದ್ರಿ ಒಳಾಂಗಣ ರಿಂಕ್ ಪೂರ್ಣ ಅಳತೆಯದು. ಲೇಹ್‌ನಲ್ಲಿ ಚಳಿಗಾಲದಲ್ಲಿ ಐಸ್ ಸಿಗುತ್ತದೆ, ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದ ಐಸ್ ಆಟಗಳು ಅಲ್ಲಿ ನಡೆದಿವೆ.

ನಮ್ಮ ಸಲಹೆ ಹೀಗಿದೆ. ದಸರಾ ಮತ್ತು ಬೇಸಿಗೆ ರಜೆಗಳಲ್ಲಿ ತಲಾ ಎರಡರಿಂದ ಮೂರು ವಾರದ ಐಸ್ ಶಿಬಿರ ಮಾಡಿಸಿ. ಒಂದೊಂದು ವಾರದಂತೆ ನಾಲ್ಕು ಸಲ ಹೋಗುವುದಕ್ಕಿಂತ ಒಟ್ಟಿಗೆ ಮೂರು ವಾರ ಇರುವುದು ಮೇಲು. ಚಕ್ರದ ಅಭ್ಯಾಸ ಕಾಲಿನಿಂದ ಬಿಟ್ಟುಹೋಗುವುದಕ್ಕೇ ಮೊದಲ ನಾಲ್ಕೈದು ದಿನ ಬೇಕು, ಕಲಿಕೆ ಶುರುವಾಗುವುದು ಆಮೇಲೆ. ಟಿಕೆಟ್ ತೆಗೆಸುವ ಮುನ್ನ ರಿಂಕ್‌ಗೆ ಫೋನ್ ಮಾಡಿ, ಆ ದಿನಗಳಲ್ಲಿ ಐಸ್ ಇದೆಯೇ, ಸ್ಪೀಡ್ ಸ್ಕೇಟಿಂಗ್‌ಗೆ ಬೇರೆ ಸಮಯ ಕೊಡುತ್ತಾರೆಯೇ, ಗೋಡೆಗೆ ಪ್ಯಾಡ್ ಕಟ್ಟುತ್ತಾರೆಯೇ ಎಂದು ಮೂರನ್ನೂ ಕೇಳಿ.

ಇನ್ನೊಂದು ವಿಷಯ ಗೊತ್ತಿರಲಿ. ಚಕ್ರದ ಆಟದ ಫೆಡರೇಶನ್ ಬೇರೆ, ಐಸ್‌ನದು ಬೇರೆ. ಇಲ್ಲಿ ಗೆದ್ದ ಪದಕ ಅಲ್ಲಿನ ಆಯ್ಕೆಗೆ ಲೆಕ್ಕಕ್ಕೆ ಬರುವುದಿಲ್ಲ, ಹೊಸದಾಗಿ ನೋಂದಾಯಿಸಬೇಕು.

ಪ್ರಶ್ನೆ: ನನಗೆ 17. ಮೊದಲ ಐಸ್ ಶಿಬಿರ ಮುಗಿಸಿ ಬಂದೆ. ನೇರ ದಾರಿಯಲ್ಲಿ ತೊಂದರೆ ಇಲ್ಲ. ತಿರುವಿಗೆ ಬಂದರೆ ಹಿಂದಿನಿಂದ ಬ್ಲೇಡ್ ಕಿತ್ತುಕೊಂಡು ಹೋಗಿ ಪ್ಯಾಡಿಗೆ ಬೀಳುತ್ತೇನೆ. ಎಲ್ಲಿ ತಪ್ಪುತ್ತಿದೆ?
– ವಿದ್ಯಾರ್ಥಿ, ಬನಶಂಕರಿ

ಉತ್ತರ: ಇನ್‌ಲೈನ್‌ನಿಂದ ಬಂದ ಬಹುತೇಕರು ಬೀಳುವುದು ಇಲ್ಲೇ, ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇವೆ.

ಮೊದಲು ಲೆಕ್ಕ ನೋಡಿ. ಟ್ರ್ಯಾಕ್‌ನ ನೇರ ಭಾಗ ಒಂದೊಂದು ಬದಿಗೆ 28.85 ಮೀಟರ್ ಮಾತ್ರ. ಸುತ್ತಿನ ಸುಮಾರು ಅರ್ಧ ದೂರ ತಿರುವಿನಲ್ಲೇ ಕಳೆಯುತ್ತದೆ. ಸೆಕೆಂಡಿಗೆ 12 ಮೀಟರ್ ವೇಗದಲ್ಲಿ 10 ಮೀಟರ್ ತ್ರಿಜ್ಯದ ಬಿಲ್ಲಿನಂತೆ ತಿರುಗಿದರೆ ದೇಹವನ್ನು ಹೊರಗೆಳೆಯುವ ಒತ್ತಡ ನಿಮ್ಮ ತೂಕದ ಸುಮಾರು ಒಂದೂವರೆ ಪಟ್ಟು. ಅದು ಪಕ್ಕಕ್ಕೆ, ನಿಮ್ಮ ತೂಕ ಕೆಳಕ್ಕೆ; ಲಂಬಕೋನದಲ್ಲಿರುವ ಇವೆರಡೂ ಸೇರಿ 60 ಕೆ.ಜಿ.ಯವರ ಕಾಲಿನ ಮೇಲೆ ಸುಮಾರು 107 ಕೆ.ಜಿ.ಯಷ್ಟು ಭಾರ ಬೀಳುತ್ತದೆ. ಆಗ ನೆಟ್ಟಗಿನ ನಿಲುವಿನಿಂದ 55 ಡಿಗ್ರಿಯಷ್ಟು ಒಳಕ್ಕೆ ವಾಲಿದರೆ ಮಾತ್ರ ಸಮತೋಲ ಸಿಗುತ್ತದೆ. ಒಲಿಂಪಿಕ್ಸ್‌ನವರು ಎಡಗೈ ಬೆರಳನ್ನು ಐಸ್‌ಗೆ ಸೋಕಿಸುವುದು ಅಷ್ಟು ವಾಲಿರುವುದರಿಂದ. ಕೈ ಊರಿ ಭಾರ ಹೊರುವುದಕ್ಕಲ್ಲ, ಅದು ಬರೀ ಅಂದಾಜು ಸಿಗಲು.

ಹಿಂದಿನಿಂದ ಬ್ಲೇಡ್ ಕಿತ್ತುಕೊಂಡು ಹೋಗುತ್ತದೆ ಎಂದಿದ್ದೀರಿ. ಹಾಗಾದರೆ ಭಾರ ಪಾದದ ಮುಂಭಾಗಕ್ಕೆ ಬಂದಿದೆ ಎಂದರ್ಥ. ಚಕ್ರದ ಮೇಲೆ ಹಿಂದಕ್ಕೆ ಒದ್ದರೂ ರಬ್ಬರ್ ನೆಲ ಹಿಡಿಯುತ್ತದೆ. ಐಸ್ ಮೇಲೆ ಹಿಂದಕ್ಕೆ ಒದ್ದರೆ ಬ್ಲೇಡಿನ ತುದಿ ಕುಕ್ಕಿ ಹಿಮ್ಮಡಿ ಹೊರಕ್ಕೆ ಹಾರುತ್ತದೆ. ಒತ್ತುವುದು ಯಾವಾಗಲೂ ಪಕ್ಕಕ್ಕೆ, ಪಾದದ ನಡುವಿನಿಂದ, ಹಿಮ್ಮಡಿ ಕಡೆಗೆ ಚೂರು ಹೆಚ್ಚು. ಇನ್‌ಲೈನ್‌ನ ಡಬಲ್ ಪುಶ್ (ಒಂದೇ ಹೆಜ್ಜೆಯಲ್ಲಿ ಕಾಲನ್ನು ಮೊದಲು ಒಳಕ್ಕೆ, ಆಮೇಲೆ ಹೊರಕ್ಕೆ ಒತ್ತುವುದು) ಇಲ್ಲಿ ಉಪಯೋಗಕ್ಕೆ ಬಾರದು, ಪೂರ್ತಿ ಬಿಟ್ಟುಬಿಡಿ.

ಎರಡನೆಯದು ಭುಜ. ಹೆದರಿದವರು ತಲೆಯನ್ನೂ ಎಡಭುಜವನ್ನೂ ಒಳಕ್ಕೆ ಬಗ್ಗಿಸಿ ಸೊಂಟವನ್ನು ಹೊರಗೆ ಉಳಿಸಿಬಿಡುತ್ತಾರೆ. ನೋಡುವವರಿಗೆ ವಾಲಿದಂತೆ ಕಾಣುತ್ತದೆ, ಬ್ಲೇಡ್ ಮಾತ್ರ ಅಂಚಿನ ಮೇಲೆ ನಿಂತಿರುವುದಿಲ್ಲ. ವಾಲುವುದು ಕಣಕಾಲಿನಿಂದ ಶುರುವಾಗಬೇಕು. ಸೊಂಟ ಒಳಕ್ಕೆ, ಭುಜಗಳು ಸಾಧ್ಯವಾದಷ್ಟು ಸಮವಾಗಿ.

ಮೂರನೆಯದು ದಾರಿ. ತಿರುವಿನ ಏಳು ಕಪ್ಪು ಬ್ಲಾಕ್‌ಗಳನ್ನೇ ನೋಡುತ್ತ ಅವುಗಳಿಗೆ ಅಂಟಿಕೊಂಡು ಒಳಗೆ ಹೋದರೆ, ಹೊರಬರುವಾಗ ವೇಗ ನಿಮ್ಮನ್ನು ಪ್ಯಾಡಿಗೆ ಎಸೆಯುತ್ತದೆ. ಅಗಲವಾಗಿ ಒಳಹೋಗಿ, ನಡುವಿನ ಬ್ಲಾಕ್ ಹತ್ತಿರ ಬಿಗಿಯಾಗಿ ಸುತ್ತಿ, ಮತ್ತೆ ಅಗಲವಾಗಿ ಹೊರಬನ್ನಿ. ಕಣ್ಣು ಹೊರಹೋಗುವ ಕಡೆಗಿರಲಿ.

ಇದನ್ನು ಇಲ್ಲಿ ನೆಲದ ಮೇಲೆ ಹೀಗೆ ಮಾಡಿ: ಸೊಂಟಕ್ಕೆ ಅಗಲದ ಬೆಲ್ಟ್ ಕಟ್ಟಿ, ನಿಮ್ಮ ಬಲಕ್ಕೆ ಒಬ್ಬರು ಅದರ ಪಟ್ಟಿ ಹಿಡಿದು ಎಳೆಯಲಿ. ನೀವು ಮೊಣಕಾಲನ್ನು ಲಂಬಕೋನದ ಹತ್ತಿರಕ್ಕೆ ಮಡಿಸಿ, ಎಡಕ್ಕೆ ವಾಲಿ ಕ್ರಾಸ್‌ಓವರ್ (ಬಲಗಾಲನ್ನು ಎಡಗಾಲಿನ ಮುಂದಿನಿಂದ ದಾಟಿಸುವ) ಹೆಜ್ಜೆ ಹಾಕಿ. 30 ಸೆಕೆಂಡ್ ಮಾಡಿ 1 ನಿಮಿಷ ಬಿಡುವು, ಹೀಗೆ 6 ಸಲ, ವಾರಕ್ಕೆ ಮೂರು ದಿನ. ಐದನೇ ಸಲಕ್ಕೆ ಸೊಂಟ ಮೇಲೇಳತೊಡಗಿದರೆ ಅಲ್ಲಿಗೆ ನಿಲ್ಲಿಸಿ. ಸೊಂಟ ಎತ್ತಿ ಮಾಡಿದ ಅಭ್ಯಾಸ ತಪ್ಪನ್ನೇ ಗಟ್ಟಿ ಮಾಡುತ್ತದೆ. ಜೊತೆಗೆ 2 ಮೀಟರ್ ಉದ್ದದ ಸ್ಲೈಡ್ ಬೋರ್ಡ್ (ಪಕ್ಕದಿಂದ ಪಕ್ಕಕ್ಕೆ ಜಾರುವ ನುಣುಪು ಹಲಗೆ), ಕಾಲಿಗೆ ಬಟ್ಟೆಯ ಕವಚ. ಮಳೆ ಬಂದು ರಿಂಕ್ ಒದ್ದೆಯಾದ ಸಂಜೆಗಳಲ್ಲಿ ಮನೆಯೊಳಗೇ ಮಾಡಬಹುದು. ದಮ್ಮಿಗೆ ಸೈಕಲ್ ಒಳ್ಳೆಯದು. ಭಾನುವಾರ ಬೆಳಿಗ್ಗೆ ನಂದಿಬೆಟ್ಟ ಹತ್ತುವ ಸೈಕಲ್ ಗುಂಪು ಸೇರಿದರೂ ಸಾಕು.

ಮುಂದಿನ ಶಿಬಿರದಲ್ಲಿ ಕೋಚ್‌ಗೆ ಹೇಳಿ, ಮೊದಲ ಮೂರು ದಿನ ಒಂದೇ ವೃತ್ತದ ಸುತ್ತ ಎಡಗಾಲಿನ ಹೊರಅಂಚಿನ ಮೇಲೆ ಜಾರುವುದನ್ನಷ್ಟೇ ಮಾಡಿ. ಬೇಸರದ ಕೆಲಸ ನಿಜ, ಆದರೆ ಎಲ್ಲರಿಗೂ ಸೋಮಾರಿಯಾಗಿರುವುದು ಆ ಅಂಚೇ.

ಪ್ರಶ್ನೆ: ಮಗನಿಗೆ ಶಾರ್ಟ್ ಟ್ರ್ಯಾಕ್ ಬ್ಲೇಡ್ ತರಿಸಿದ್ದೇವೆ. ಒಂದು ಕಡೆ ಬಾಗಿದಂತಿದೆ, ಬೂಟಿನ ನಡುವಿನಲ್ಲೂ ಇಲ್ಲ. ದೋಷದ ಮಾಲೇ? ಹರಿತಕ್ಕೆ ಐಸ್ ಹಾಕಿ ಆಟದ ಸ್ಕೇಟ್‌ನವರ ಮೆಷಿನ್‌ಗೆ ಕೊಡಬಹುದೇ?
– ಒಬ್ಬ ತಂದೆ, ಜಯನಗರ

ಉತ್ತರ: ದೋಷವಲ್ಲ, ಇರಬೇಕಾದದ್ದೇ ಹಾಗೆ. ಓಟ ಯಾವಾಗಲೂ ಎಡಕ್ಕೆ ತಿರುಗುವುದರಿಂದ ಬ್ಲೇಡನ್ನು ಎಡಕ್ಕೆ ಬಾಗಿಸಿರುತ್ತಾರೆ, ಬೂಟಿನ ಅಡಿಯಲ್ಲೂ ಎಡಕ್ಕೆ ಸರಿಸಿ ಕೂರಿಸುತ್ತಾರೆ. ಹಾಗಿದ್ದರೇ ವಾಲಿದಾಗ ಬೂಟು ಐಸ್‌ಗೆ ತಾಗುವುದಿಲ್ಲ. ದಯವಿಟ್ಟು ಅದನ್ನು ನೇರ ಮಾಡಿಸಬೇಡಿ.

ಹಾಕಿ ಮೆಷಿನ್‌ಗೆ ಖಂಡಿತ ಕೊಡಬೇಡಿ. ಅದು ಬ್ಲೇಡಿನ ತಳದಲ್ಲಿ ಉದ್ದಕ್ಕೂ ಕಾಲುವೆ ತೋಡುತ್ತದೆ. ಶಾರ್ಟ್ ಟ್ರ್ಯಾಕ್ ಬ್ಲೇಡಿನ ತಳ ಅಡ್ಡಲಾಗಿ ಚಪ್ಪಟೆ, ಎರಡೂ ಅಂಚು ಚೌಕ; ಉದ್ದಕ್ಕೆ ಮಾತ್ರ ತುದಿಯಿಂದ ತುದಿಗೆ ಸಣ್ಣ ಬಾಗು ಇರುತ್ತದೆ. ಮೆಷಿನ್ ಒಂದೇ ಸಲಕ್ಕೆ ಉದ್ದದ ಆ ಸಣ್ಣ ಬಾಗನ್ನೂ ಕೆಡಿಸಿಬಿಡುತ್ತದೆ, ಸರಿಪಡಿಸುವುದು ಬಹಳ ಕಷ್ಟ.

ಕೈಯಲ್ಲೇ ಮಾಡಬೇಕು. ಎರಡೂ ಬ್ಲೇಡ್‌ಗಳನ್ನು ತಲೆಕೆಳಗಾಗಿ ಜಿಗ್‌ನಲ್ಲಿ (ಬ್ಲೇಡ್‌ಗಳನ್ನು ಅಲುಗಾಡದಂತೆ ಹಿಡಿಯುವ ಚೌಕಟ್ಟು) ಸಮಮಟ್ಟದಲ್ಲಿ ಬಿಗಿಯಿರಿ. ಉದ್ದನೆಯ ಕಲ್ಲನ್ನು ಎರಡರ ಮೇಲೂ ಅಡ್ಡ ಇಟ್ಟು, ಒತ್ತದೆ, ತುದಿಯಿಂದ ತುದಿಗೆ ಒಂದೇ ಹದದಲ್ಲಿ ಎಳೆಯಿರಿ. ಮೊದಲು ಮಧ್ಯಮ ಕಲ್ಲು, ಆಮೇಲೆ ನಯವಾದದ್ದು. ನಡುವೆ ಹೆಚ್ಚು ಉಜ್ಜಿದರೆ ಬಾಗು ಚಪ್ಪಟೆಯಾಗುತ್ತದೆ. ಕೊನೆಗೆ ಪಕ್ಕಗಳಲ್ಲಿ ಎದ್ದ ಲೋಹದ ಮುಳ್ಳನ್ನು ಚಿಕ್ಕ ಕಲ್ಲನ್ನು ಪಕ್ಕಕ್ಕೆ ಪೂರ್ತಿ ಒರಗಿಸಿ ತೆಗೆಯಿರಿ, ಓರೆ ಹಿಡಿದರೆ ಅಂಚು ದುಂಡಾಗುತ್ತದೆ. ಉಗುರನ್ನು ಅಂಚಿಗೆ ಅಡ್ಡ ಎಳೆದಾಗ ಎಲ್ಲ ಕಡೆ ಒಂದೇ ಸಮ ಕೆರೆದು ಪುಡಿ ಬಂದರೆ ಸಾಕು. ಮುಗಿದ ಮೇಲೆ ಒರೆಸಿ, ಬಟ್ಟೆಯ ಕವರ್ ಹಾಕಿ. ಪ್ಲಾಸ್ಟಿಕ್ ಗಾರ್ಡ್‌ನಲ್ಲಿ ಒದ್ದೆಯಾಗಿ ಬಿಟ್ಟರೆ ಊರಿಗೆ ಬಂದು ಇಳಿಯುವಷ್ಟರಲ್ಲಿ ತುಕ್ಕು ಹಿಡಿದಿರುತ್ತದೆ.

ಪ್ರಶ್ನೆ: ಹಿಮ್ಮಡಿ ಬಿಟ್ಟುಕೊಳ್ಳುವ ಕ್ಲ್ಯಾಪ್ ಸ್ಕೇಟ್ ಕೊಳ್ಳಬಹುದೇ?
– ಓದುಗರು, ಹೆಬ್ಬಾಳ

ಉತ್ತರ: ಬೇಡ. ಅದು 400 ಮೀಟರ್ ಟ್ರ್ಯಾಕ್‌ನ ಲಾಂಗ್ ಟ್ರ್ಯಾಕ್‌ಗೆ. ಶಾರ್ಟ್ ಟ್ರ್ಯಾಕ್‌ನಲ್ಲಿ ನಿಯಮವೇ ಒಪ್ಪುವುದಿಲ್ಲ.

ಪ್ರಶ್ನೆ: ಮೊಮ್ಮಗಳು ಐಸ್ ಮೇಲೆ ಓಡುತ್ತಾಳಂತೆ. ಆ ಕತ್ತಿಯಂಥ ಬ್ಲೇಡ್ ನೋಡಿ ನನಗೆ ನಿದ್ದೆ ಇಲ್ಲ. ಗಾಯವಾಗುವುದಿಲ್ಲವೇ?
– ಒಬ್ಬ ಅಜ್ಜಿ, ಮಲ್ಲೇಶ್ವರ

ಉತ್ತರ: ನಿಮ್ಮ ಭಯಕ್ಕೆ ಕಾರಣವಿದೆ ಅಜ್ಜಿ, ಮುಚ್ಚಿಡುವುದಿಲ್ಲ. 1994ರಲ್ಲಿ ಆಸ್ಟ್ರೇಲಿಯಾದ ಸ್ಟೀವನ್ ಬ್ರಾಡ್‌ಬರಿ ಅವರ ತೊಡೆಗೆ ಬೇರೊಬ್ಬರ ಬ್ಲೇಡ್ ತಾಗಿ 111 ಹೊಲಿಗೆ ಬಿದ್ದವು. 2009ರಲ್ಲಿ ಅಮೆರಿಕದ ಜೆ.ಆರ್. ಸೆಲ್ಸ್ಕಿ ಅವರಿಗೆ ಸ್ವಂತ ಬ್ಲೇಡೇ ತೊಡೆ ಸೀಳಿತು. ಇಬ್ಬರೂ ಮರಳಿ ಬಂದರು. ಬ್ರಾಡ್‌ಬರಿ 2002ರಲ್ಲಿ 1000 ಮೀಟರ್ ಚಿನ್ನ ಗೆದ್ದರು, ಸೆಲ್ಸ್ಕಿ ಐದೇ ತಿಂಗಳಲ್ಲಿ ವ್ಯಾಂಕೂವರ್‌ನಲ್ಲಿ ಎರಡು ಕಂಚು ತಂದರು.

ಮೊಮ್ಮಗಳ ಬ್ಯಾಗಿನಲ್ಲಿ ಇವು ಇವೆಯೇ ಎಂದು ನೀವೇ ನೋಡಿ: ಗಟ್ಟಿ ಹೆಲ್ಮೆಟ್, ಕತ್ತಿನ ಪಟ್ಟಿ, ಕತ್ತರಿಸದ ನೂಲಿನ ಸೂಟ್, ಮೊಣಕಾಲಿನ ಪ್ಯಾಡ್, ಮುಂಗಾಲಿನ ಗಾರ್ಡ್, ಕೈಗವಸು, ಕನ್ನಡಕ. ಇನ್‌ಲೈನ್‌ನ ತೆಳು ಸೂಟ್ ಸಾಲದು. ಕತ್ತಿನ ಪಟ್ಟಿ ಇಲ್ಲದ ದಿನ ಐಸ್‌ಗೆ ಇಳಿಯಬಾರದು, ಅಭ್ಯಾಸಕ್ಕೂ ಕೂಡ. ಬಿದ್ದಾಗ ಬ್ಲೇಡ್ ಮೇಲಕ್ಕೆತ್ತದೆ, ದೇಹ ಮುದುಡಿ ಬೆನ್ನು ಪ್ಯಾಡಿಗೆ ಕೊಡುವುದನ್ನು ಮೊದಲ ದಿನವೇ ಕಲಿಸಬೇಕು.

ಪ್ರಶ್ನೆ: ಒಲಿಂಪಿಕ್ಸ್ ತನಕದ ದಾರಿ ಹೇಗಿರುತ್ತದೆ? ಎಷ್ಟು ವಯಸ್ಸಿನ ತನಕ ಓಡಬಹುದು? ಓದು ಬಿಡಿಸಬೇಕೇ?
– ಪೋಷಕರು, ರಾಜರಾಜೇಶ್ವರಿನಗರ

ಉತ್ತರ: ಒಬ್ಬರೇ ಓಡುವ ದೂರಗಳು 500, 1000 ಮತ್ತು 1500 ಮೀಟರ್. 500 ಮತ್ತು 1000ಕ್ಕೆ ತಲಾ 32, 1500ಕ್ಕೆ 36 ಸ್ಥಾನ, ಒಂದು ದೇಶದಿಂದ ಒಂದು ದೂರಕ್ಕೆ ಹೆಚ್ಚೆಂದರೆ ಮೂವರು. ಸ್ಥಾನ ಸಿಗುವುದು ಹಿಂದಿನ ಅಂತರರಾಷ್ಟ್ರೀಯ ಕೂಟಗಳ ಫಲಿತಾಂಶದ ಮೇಲೆ. ದೇಶದ ಚಾಂಪಿಯನ್ ಆದರೆ ಸಾಕಾಗುವುದಿಲ್ಲ, ವಿದೇಶದ ಕೂಟಗಳಲ್ಲಿ ಹೀಟ್ಸ್ (ಆರಂಭಿಕ ಸುತ್ತಿನ ಓಟಗಳು) ದಾಟಬೇಕು. ವೇಗದ ಅಂದಾಜಿಗೆ: 2018ರಲ್ಲಿ ಚೀನಾದ ವು ದಾಜಿಂಗ್ 500 ಮೀಟರನ್ನು 39.505 ಸೆಕೆಂಡಿನಲ್ಲಿ ಮುಗಿಸಿದರು, ಅಂದರೆ ನಿಂತಲ್ಲಿಂದ ಹೊರಟು ಗಂಟೆಗೆ ಸರಾಸರಿ 45 ಕಿ.ಮೀ. ದಾಟಿದ ಓಟ.

ಬಿಸಿಲಿನ ದೇಶಕ್ಕೆ ಇದು ದಕ್ಕದೆನ್ನುವವರಿಗೆ ಸಿಂಗಪುರದ ಶಾಯೆನ್ ಗೋ ಹೆಸರು ಹೇಳಿ. 2018ರಲ್ಲಿ ಆ ದೇಶದ ಮೊದಲ ಚಳಿಗಾಲದ ಒಲಿಂಪಿಯನ್ ಆದದ್ದು ಇದೇ ಆಟದಲ್ಲಿ, 1500 ಮೀಟರ್‌ನಲ್ಲಿ. ಆದರೆ ಅವರು ಬೆಳೆದದ್ದು ಕೆನಡಾದಲ್ಲಿ, ಕೈಗೆಟುಕುವಷ್ಟು ಹತ್ತಿರ ಐಸ್ ಇತ್ತು ಎಂಬುದನ್ನೂ ಮರೆಯಬೇಡಿ.

ವಯಸ್ಸಿಗೆ ಎರಡು ತುದಿಗಳಿವೆ. ಇಟಲಿಯ ಅರಿಯಾನಾ ಫೊಂಟಾನಾ 2006ರಲ್ಲಿ 15ನೇ ವಯಸ್ಸಿಗೇ ರಿಲೇ ಕಂಚು ಗೆದ್ದರು. ಕೆನಡಾದ ಚಾರ್ಲ್ಸ್ ಹ್ಯಾಮೆಲಿನ್ 2022ರಲ್ಲಿ 37ನೇ ವಯಸ್ಸಿಗೆ ರಿಲೇ ಚಿನ್ನ. ಹಾಗಾಗಿ 12ನೇ ವಯಸ್ಸಿಗೆ ತಡವಾಯಿತೆಂದು ಓದು ಬಿಡಿಸುವ ಅಗತ್ಯವಿಲ್ಲ, ಬಿಡಿಸಲೂಬೇಡಿ. ಎಸ್ಸೆಸ್ಸೆಲ್ಸಿ ತನಕ ಚಕ್ರ ಮತ್ತು ರಜೆಯ ಐಸ್ ಸಾಕು. ಪಿಯುಸಿ ಹೊತ್ತಿಗೆ ಜೂನಿಯರ್ ಮಟ್ಟದ ಸಮಯ ಬರುತ್ತಿದ್ದರೆ ಮಾತ್ರ ವರ್ಷಕ್ಕೆ ಮೂರ್ನಾಲ್ಕು ತಿಂಗಳು ಹೊರಗಿರುವ ಯೋಚನೆ ಮಾಡಿ. ಬೂಟು, ಬ್ಲೇಡ್ ಸೇರಿ ಲಕ್ಷ ರೂಪಾಯಿ ದಾಟಬಹುದು. ಪಾದ ಬೆಳೆಯುತ್ತಿರುವಾಗ ಅಳತೆ ಕೊಟ್ಟು ಮಾಡಿಸುವ ಬೂಟು ಬೇಡ, ಶಾಖ ಕೊಟ್ಟು ಪಾದಕ್ಕೆ ಹೊಂದಿಸುವ ಸಿದ್ಧ ಬೂಟಿನಲ್ಲೇ ಎರಡು ವರ್ಷ ಕಳೆಯಲಿ. ಉಳಿದ ಹಣವನ್ನು ಐಸ್ ಮೇಲಿನ ದಿನಗಳಿಗೆ ಇಡಿ.